ಹೊಗೆಯಿಲ್ಲದ ಬೆಂಕಿ

ತರ್ಕಶಾಸ್ತ್ರದ ಬಾಲಪಾಠವನ್ನು ಓದಿದವರೆಲ್ಲರಿಗೂ ಹೊಗೆ ಬೆಂಕಿಗಳ ಸಂಬಂಧವು ಕಂಠಪಾಠವಾಗಿರುತ್ತದೆ. ದೂರದ ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ಅನುಮಾನದಿಂದ ತಿಳಿಯಬಹುದು. ಅದಕ್ಕೆ ಅಡುಗೆಯ ಮನೆಯೇ ದೃಷ್ಟಾಂತ. ಆದರೆ ಇದೇ ಮಾತನ್ನು ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಹೇಳಹೊರಟ ವಿದ್ಯಾರ್ಥಿಯನ್ನು ಗುರುಗಳು ಅಲ್ಲಿಯೇ ತಡೆದು ನಿಲ್ಲಿಸುವರು. ಕುಲುಮೆಯಿಂದ ಆಗತಾನೆ ಹೊರತೆಗೆದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಯ ಸೌದೆ ಸೇರಿದ್ದರೆ ಮಾತ್ರ ಬೆಂಕಿಯು ಹೊಗೆಯುಗುಳುವುದು, ಇಲ್ಲವಾದರೆ ಸುಮ್ಮನಿರುವುದು. ಪಾಠಶಾಲೆಗಳ ಜಗಲಿಯ ಮೇಲೆ ಈ ಕಬ್ಬಿಣದ ಗುಂಡು ತಲೆತಲಾಂತರದಿಂದ ಉರುಳುತ್ತ ಬಂದಿದೆ. ಆದರೂ ಆ ಗುಂಡಿಗೆ ಕೆಂಪು ಬಣ್ಣವಾದರೂ ಉಂಟು. ಹತ್ತಿರಕ್ಕೆ ಹೋದವನಿಗೆ ಕಾವಾದರೂ ತಗಲುವುದು. ಕೆಂಪೂ ಇಲ್ಲದೆ, ಕಾವೂ ಇಲ್ಲದೆ, ಮುಟ್ಟಿದರೆ ತಣ್ಣಗಿದ್ದು, ಒಳಗೊಳಗೇ ಸುಡುವ ಕಬ್ಬಿಣವೊಂದು ಉಂಟಾದೀತೆಂದು ಆ ಗುರುಗಳಾಗಲಿ ಶಿಷ್ಯರಾಗಲಿ ಎಣಿಸಿರಲಾರರು. ಅಂಥ ಕಬ್ಬಿಣವು 1984ನೆಯ ಇಸವಿಯ ಮೊದಲಲ್ಲಿ ಲಾರಿಯೇರಿ ಹೆದ್ದಾರಿಯಲ್ಲಿ ಸಂಚರಿಸಿತು. ಅದನ್ನು ಹೊತ್ತು ನಡೆಸಿದ ಚಾಲಕನಿಗೂ ತಾನು ಬೆಂಕಿಯನ್ನು ಸಾಗಿಸುತ್ತಿರುವೆನೆಂಬುದು ತಿಳಿದಿರಲಿಲ್ಲ.

ಆ ಕಥೆಯನ್ನು ಹೇಳುವ ಮೊದಲು ಈ ಬೆಂಕಿಯ ಸ್ವರೂಪವನ್ನು ನಾಲ್ಕು ಮಾತಿನಲ್ಲಿ ತಿಳಿಸುವುದು ಯುಕ್ತ. ಕೆಲವು ಪದಾರ್ಥಗಳ ಪರಮಾಣುಗಳು ತಾವಾಗಿಯೇ ಒಡೆದು ಮಾರ್ಪಡುತ್ತ, ಆ ಸಮಯದಲ್ಲಿ ಕಣ್ಣಿಗೆ ಕಾಣದ ಕಿರಣಗಳನ್ನು ಹೊರಚೆಲ್ಲುವುವು. ಇವನ್ನು ವಿಕಿರಣಶೀಲ ಪದಾರ್ಥಗಳೆಂದು ಕರೆಯುವರು. ಅವುಗಳಲ್ಲಿ ಕೋಬಾಲ್ಟ್-60 ಎಂಬುದೊಂದು, ಸೀಸಿಯಂ-137 ಎಂಬುದೊಂದು. ಇವು ಹೊರಡಿಸುವ ಗಾಮಾ ಕಿರಣಗಳು ಮಾಂಸ ಮೂಳೆಗಳನ್ನು ಸಹ ಹಾದುಹೋಗಬಲ್ಲುವು. ಇದನ್ನು ಕೇಳಿದೊಡನೆಯೆ ಇವು ಕೇವಲ ವಿಷವೆಂದು ತೀರ್ಮಾನಿಸಲಾಗದು. ಅರ್ಬುದರೋಗಕ್ಕೆ ಚಿಕಿತ್ಸೆ ಮಾಡುವುದರಲ್ಲಿ ಕೋಬಾಲ್ಟ್ ಲಕ್ಷಾಂತರ ಜನರಿಗೆ ನೆರವಾಗಿದೆ. ಶಸ್ತ್ರವೈದ್ಯರ ಸಾಮಗ್ರಿಗಳನ್ನು ಕ್ರಿಮಿರಹಿತವಾಗಿ ಮಾಡುವುದಕ್ಕೂ, ಉಕ್ಕಿನ ಕೊಳವೆಗಳ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ನೋಡುವುದಕ್ಕೂ, ಗಣಿಗಳಲ್ಲಿ ಅದಿರಿನ ಸಾಂದ್ರತೆಯನ್ನು ಅಳೆಯುವುದಕ್ಕೂ ಇಂಥ ಪದಾರ್ಥಗಳೇ ಬೇಕು. ದಪ್ಪನಾದ ಸೀಸದ ಪೆಟ್ಟಿಗೆಯಲ್ಲಿ ಇರುವವರೆಗೂ ಇವು ವಿಧೇಯ ಸೇವಕರು. ಪೆಟ್ಟಿಗೆಯಿಂದ ಹೊರಬಿದ್ದರೆ ಮಾತ್ರ ವಿಪತ್ತು. ಆ ವಿಪತ್ತಿನ ವಿಶೇಷವೇನೆಂದರೆ, ಹಾವು ಕಚ್ಚಿದರೆ ನೋವಾಗುವಂತೆ, ವಿಷವಾಯು ಬಂದರೆ ವಾಸನೆಯಾಗುವಂತೆ, ಇದರಲ್ಲಿ ಒಂದು ಸೂಚನೆಯೂ ಆಗದು. ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ಇವೈದೂ ಏಕಕಾಲದಲ್ಲಿ ಮನುಷ್ಯನಿಗೆ ಕೈಕೊಡುವುವು. ಪ್ರತ್ಯಕ್ಷಕ್ಕೆ ಎಡೆಯಿಲ್ಲದ ಕಡೆ ಅನುಮಾನವೊಂದೇ ದಾರಿ. ಅನುಮಾನಕ್ಕಾದರೋ ಹೊಗೆಯಂಥ ಗುರುತೊಂದು ಬೇಕು.

ಮೆಕ್ಸಿಕೋ ದೇಶದ ಉತ್ತರದ ಗಡಿಯಲ್ಲಿ ಸಿಯುದಾದ್ ಹ್ವಾರೆಸ್ ಎಂಬ ನಗರವಿದೆ. ಅಲ್ಲಿಯ ಖಾಸಗಿ ಆಸ್ಪತ್ರೆಯೊಂದು 1977ರಲ್ಲಿ ಅರ್ಬುದಚಿಕಿತ್ಸೆಯ ಯಂತ್ರವೊಂದನ್ನು ಕೊಂಡು ತರಿಸಿತು. ಅದರ ಹೊಟ್ಟೆಯಲ್ಲಿ ಸುಮಾರು 6,000 ಕೋಬಾಲ್ಟ್ ಗುಳಿಗೆಗಳಿದ್ದುವು. ಒಂದೊಂದೂ 1 ಮಿಲಿಮೀಟರ್ ಗಾತ್ರದ್ದು, ಸಾಸಿವೆಕಾಳಿನಷ್ಟು. ಯಂತ್ರವು ಉಪಯೋಗಕ್ಕೆ ಬಾರದೆ ಉಗ್ರಾಣದಲ್ಲಿಯೇ ಸುಮಾರು ಆರು ವರುಷ ಕುಳಿತಿತು. ತಂದವರ ಉತ್ಸಾಹವು ಆರಿತು. ಅದರೊಳಗೆ ಏನಿದೆಯೆಂಬ ನೆನಪು ಸಹ ಕ್ರಮೇಣ ಮಾಸಿತು. ಗುಳಿಗೆಗಳ ಬೆಂಕಿ ಮಾತ್ರ ಆರಲಿಲ್ಲ. 1983ರ ಡಿಸೆಂಬರಿನಲ್ಲಿ ಯಂತ್ರದ ಭಾಗಗಳು ಹಳೆಯ ಕಬ್ಬಿಣವಾಗಿ ಗುಜರಿಯ ಅಂಗಳಕ್ಕೆ ಹೋದುವು. ಹೋಗುವ ಮೊದಲೇ ಗುಳಿಗೆಗಳಿದ್ದ ಉರುಳೆಗೆ ತೂತು ಬಿದ್ದಿತ್ತು. ಕೆಲವು ಗುಳಿಗೆಗಳು ಸಾಗಿಸಿದ ಸಣ್ಣ ವಾಹನದಲ್ಲಿಯೇ ಚೆಲ್ಲಿಹೋದುವು. ಆ ವಾಹನವು ಅನಂತರ ವಾರಗಟ್ಟಲೆ ಜನರು ವಾಸಿಸುವ ಬೀದಿಯಲ್ಲಿ ನಿಂತಿತ್ತು. ಉಳಿದುವು ಗುಜರಿಯ ರಾಶಿಯಲ್ಲಿ ಬೆರೆತು, ರಾಶಿಯೊಡನೆ ಕುಲುಮೆಗೆ ಬಿದ್ದು, ಕರಗಿ, ಕಬ್ಬಿಣದಲ್ಲಿ ಕಬ್ಬಿಣವಾಗಿ ಒಂದಾದುವು.

ಒಂದು ಕಾರ್ಖಾನೆಯವರು ಆ ಕಬ್ಬಿಣದಿಂದ ಮನೆ ಕಟ್ಟುವ ಕಂಬಿಗಳನ್ನು ಎಳೆದರು. ಇನ್ನೊಂದರವರು ಮೇಜಿನ ಕಾಲುಗಳನ್ನು ಎರಕ ಹೊಯ್ದರು. ಸುಮಾರು 6,000 ಟನ್ ಕಂಬಿಗೂ, 30,000ದಷ್ಟು ಮೇಜಿನ ಕಾಲುಗಳಿಗೂ ಈ ದೋಷವು ತಗಲಿತೆಂದು ಆಮೇಲೆ ಲೆಕ್ಕ ಸಿಕ್ಕಿತು. ಆದರೆ ಆಗ ಯಾರಿಗೆ ಗೊತ್ತು? ಕಂಬಿಯು ಕಂಬಿಯಂತೆಯೇ ಇತ್ತು. ತೂಗಿದರೆ ತೂಕ ಸರಿ, ಬಗ್ಗಿಸಿದರೆ ಬಲ ಸರಿ. ವ್ಯಾಪಾರಿಗಳು ಕೊಂಡರು, ಮೇಸ್ತ್ರಿಗಳು ಕಟ್ಟಿದರು, ಸಂಸಾರವಂದಿಗರು ಒಕ್ಕಲಾದರು. ಆ ಕಂಬಿಗಳ ಒಂದು ಹೊರೆಯು ಗಡಿದಾಟಿ ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತ್ಯಕ್ಕೆ ಹೋಯಿತು. ಅಲ್ಲಿ ಲಾಸ್ ಅಲಾಮೋಸ್ ಎಂಬ ಗುಡ್ಡದೂರಿನಲ್ಲಿ ಪರಮಾಣುವಿಜ್ಞಾನದ ಪ್ರಸಿದ್ಧ ಪ್ರಯೋಗಾಲಯವಿದೆ. 1984ನೆಯ ಜನವರಿ 16ರಂದು ಕಂಬಿ ಹೊತ್ತ ಲಾರಿಯೊಂದು ದಾರಿತಪ್ಪಿ ಆ ಪ್ರಯೋಗಾಲಯದ ಒಂದು ವಿಭಾಗದ ಬಾಗಿಲನ್ನು ಹಾದುಹೋಯಿತು. ಬಾಗಿಲಲ್ಲಿ ವಿಕಿರಣವನ್ನು ಕಂಡುಹಿಡಿಯುವ ಯಂತ್ರವಿತ್ತು. ಅದನ್ನು ಅಲ್ಲಿ ಇರಿಸಿದ್ದುದು ಪ್ರಯೋಗಾಲಯದ ಸ್ವಂತ ಕೆಲಸಕ್ಕಾಗಿಯೇ ಹೊರತು ಪರದೇಶದ ಕಂಬಿಯನ್ನು ಪರೀಕ್ಷಿಸುವುದಕ್ಕಲ್ಲ. ಆದರೂ ಯಂತ್ರವು ತನ್ನ ಧರ್ಮವನ್ನು ಬಿಡಲಿಲ್ಲ, ಕೂಗಿಕೊಂಡಿತು.

ಆ ಒಂದು ಕೂಗಿನಿಂದ ಎರಡು ದೇಶಗಳು ಎಚ್ಚತ್ತುವು. ಲಾರಿಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಗುಜರಿಗೆ, ಗುಜರಿಯಿಂದ ಉಗ್ರಾಣಕ್ಕೆ ಹೆಜ್ಜೆಯ ಜಾಡನ್ನು ಹಿಡಿದು ಹಿಂದಕ್ಕೆ ಹೋದರು. ಮೆಕ್ಸಿಕೋದಲ್ಲಿ 17,000ಕ್ಕೂ ಹೆಚ್ಚು ಕಟ್ಟಡಗಳನ್ನು ಯಂತ್ರ ಹಿಡಿದು ಪರೀಕ್ಷಿಸಿದರು. ಅವುಗಳಲ್ಲಿ 814 ಕಟ್ಟಡಗಳನ್ನು ಕೆಡವಬೇಕಾಯಿತು. ಸುಮಾರು 4,000 ಜನರ ಮೈಗೆ ಆ ಕಿರಣವು ಸೋಂಕಿತ್ತು. ಹೊಸ ಮನೆಯ ಗೋಡೆಯೊಳಗೆ ವೈರಿಯನ್ನು ತಾವೇ ಇಟ್ಟು ಗಾರೆ ಮೆತ್ತಿದೆವೆಂದು ತಿಳಿದ ಆ ಗೃಹಸ್ಥರ ಮನಸ್ಸು ಹೇಗಾಗಿದ್ದಿರಬೇಕು! ಸಾಲಸೋಲ ಮಾಡಿ ಮನೆ ಕಟ್ಟಿಸಿದವರು ಯಾರೇ ಆಗಲಿ ಅದನ್ನು ಊಹಿಸಿಕೊಳ್ಳಬಲ್ಲರು. ಅದಕ್ಕಿಂತ ಹೆಚ್ಚಾಗಿ ಯೋಚನೆಗೆ ಗುರಿಮಾಡುವ ಸಂಗತಿಯೊಂದಿದೆ. ಲಾರಿಯ ಚಾಲಕನು ಆ ದಿನ ದಾರಿತಪ್ಪದಿದ್ದರೆ? ಸರಿಯಾದ ತಿರುವಿನಲ್ಲಿ ಸರಿಯಾಗಿ ತಿರುಗಿ, ಹೊರೆಯನ್ನು ಇಳಿಸಿ, ಚೀಟಿಗೆ ರುಜು ಹಾಕಿಸಿಕೊಂಡು ಹೊರಟುಹೋಗಿದ್ದರೆ ಆ ಕಂಬಿಗಳು ಇನ್ನೆಷ್ಟು ದಿನ ಯಾರ ಕಣ್ಣಿಗೂ ಬೀಳದೆ ಇರುತ್ತಿದ್ದುವೋ. ಸಾವಿರಾರು ಜನರ ಕ್ಷೇಮವು ಒಬ್ಬನ ದಾರಿತಪ್ಪಿಗೆ ತಗಲಿಕೊಂಡು ನಿಂತಿತ್ತೆಂಬುದು ವಿನೋದವಲ್ಲ, ಎಚ್ಚರಿಕೆ. ಅದೃಷ್ಟವನ್ನು ಕಾವಲುಗಾರನನ್ನಾಗಿ ನೇಮಿಸಿಕೊಂಡ ಊರು ಬಹುಕಾಲ ಸುಖವಾಗಿರಲಾರದು. ಆದುದರಿಂದ ಆಮೇಲಿನ ವರುಷಗಳಲ್ಲಿ ಉಕ್ಕಿನ ಕಾರ್ಖಾನೆಗಳ ಬಾಗಿಲಲ್ಲಿಯೂ, ಬಂದರುಗಳಲ್ಲಿಯೂ, ದೇಶದೇಶಗಳ ಗಡಿಯ ಕಟ್ಟೆಗಳಲ್ಲಿಯೂ ಇಂಥ ಯಂತ್ರಗಳನ್ನು ನಿಲ್ಲಿಸತೊಡಗಿದರು.

ಈ ಯಂತ್ರವು ನೋಡುವುದಕ್ಕೆ ಏನೂ ದೊಡ್ಡದಲ್ಲ. ದಾರಿಯ ಎರಡು ಬದಿಗೆ ಎರಡು ಕಂಬಗಳು, ಹೆಬ್ಬಾಗಿಲಿಗೆ ದ್ವಾರಪಾಲಕರಿದ್ದಂತೆ. ಕಂಬದೊಳಗೆ ಒಂದು ವಿಶೇಷಜಾತಿಯ ಪ್ಲಾಸ್ಟಿಕ್ಕಿನ ದಪ್ಪ ಹಲಗೆಗಳಿರುವುವು. ಗಾಮಾ ಕಿರಣವು ಆ ಹಲಗೆಗೆ ಬಡಿದೊಡನೆ ಅದರಲ್ಲಿ ಮಿಣುಕೊಂದು ಹುಟ್ಟಿ, ಕ್ಷಣದ ಕೋಟ್ಯಂಶದಲ್ಲಿ ಆರಿಹೋಗುವುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರುದರ್‌ಫೋರ್ಡ್ ಎಂಬ ಮಹಾವಿಜ್ಞಾನಿಯ ಶಿಷ್ಯರು ಇಂಥ ಮಿಣುಕುಗಳನ್ನು ಕಣ್ಣಿನಿಂದಲೇ ಎಣಿಸುತ್ತಿದ್ದರು. ಕತ್ತಲೆಯ ಕೋಣೆಯಲ್ಲಿ ಕುಳಿತು, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಕಾದು, ಸೂಕ್ಷ್ಮದರ್ಶಕದಲ್ಲಿ ಇಣಿಕಿ ಒಂದೊಂದನ್ನೇ ಲೆಕ್ಕಹಾಕುವುದು ಅವರ ತಪಸ್ಸು. ಈಗ ಆ ತಪಸ್ಸನ್ನು ಗಾಜಿನ ನಳಿಕೆಯೊಂದು ಮಾಡುತ್ತದೆ. ಮಿಣುಕಿನ ಬೆಳಕು ನಳಿಕೆಯೊಳಗಿನ ಲೇಪಕ್ಕೆ ತಗಲಿ ಕೆಲವು ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತದೆ. ಅವು ಮುಂದಿನ ಫಲಕಕ್ಕೆ ಬಡಿದು ಇನ್ನಷ್ಟನ್ನು ಎಬ್ಬಿಸುತ್ತವೆ. ಹೀಗೆ ಫಲಕದಿಂದ ಫಲಕಕ್ಕೆ ಹೆಚ್ಚುತ್ತ ಹೋಗಿ ಒಂದು ಲಕ್ಷಾಂತರವಾಗುತ್ತದೆ. ಆಗ ಯಂತ್ರವು ‘ಒಂದು’ ಎಂದು ಎಣಿಸುತ್ತದೆ. ಕಾಣದ ಬೆಂಕಿಗೆ ಹೀಗೆ ಕಾಣುವ ಹೊಗೆಯೊಂದನ್ನು ಮನುಷ್ಯನು ಕಲ್ಪಿಸಿಕೊಟ್ಟಿದ್ದಾನೆ. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಲಿಂಗವಿಲ್ಲದ ವಸ್ತುವಿಗೆ ಲಿಂಗವೊಂದನ್ನು ಒದಗಿಸಿದ್ದಾನೆ.

ಹಾಗಾದರೆ ಕೆಲಸವು ಸುಲಭವೆಂದು ವಾಚಕರು ಎಣಿಸಬಹುದು. ಸುಲಭವಲ್ಲ. ಮೊದಲನೆಯ ಕಷ್ಟವೇನೆಂದರೆ, ಈ ಲೋಕದಲ್ಲಿ ವಿಕಿರಣವಿಲ್ಲದ ಜಾಗವೇ ಇಲ್ಲ. ಮಣ್ಣು, ಕಲ್ಲು, ಆಕಾಶ, ಎಲ್ಲದರಿಂದಲೂ ಅದು ಅಷ್ಟಷ್ಟು ಬರುತ್ತಲೇ ಇರುವುದು. ಮನುಷ್ಯನ ದೇಹದಲ್ಲಿಯೇ ಕ್ಷಣಕ್ಷಣಕ್ಕೂ ಸುಮಾರು 4,000 ಪೊಟಾಸಿಯಂ ಪರಮಾಣುಗಳು ಒಡೆಯುತ್ತಿರುವುವು. ಆದುದರಿಂದ ದಾರಿಯಲ್ಲಿ ಯಾರೂ ಇಲ್ಲದಾಗಲೂ ಯಂತ್ರವು ಎಣಿಸುತ್ತಲೇ ಇರುವುದು. ಈ ಎಣಿಕೆಯೂ ಒಂದೇ ಸಮನಾಗಿರದು. ಮಳೆಹನಿಯು ಹೆಂಚಿನ ಮೇಲೆ ಬೀಳುವಂತೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಒಂದು ಸೆಕೆಂಡಿಗೆ ಸರಾಸರಿ 1,000 ಎಣಿಕೆಯಾಗುವಲ್ಲಿ, ಅದರ ವರ್ಗಮೂಲವಾದ 32ರಷ್ಟು ಏರಿಳಿತವು ಸಹಜವೆಂದು ಗಣಿತವು ಹೇಳುತ್ತದೆ. ಈ 32ರ ಮೂರರಷ್ಟು ಏರಿದರೆ ಕೂಗಬೇಕೆಂದು ಯಂತ್ರಕ್ಕೆ ವಿಧಿಸಿದರೆ, ಏನೂ ಇಲ್ಲದಿದ್ದರೂ ಸುಮಾರು 740 ಸಲಕ್ಕೊಮ್ಮೆ ಕೂಗೀತು. ನಾಲ್ಕರಷ್ಟೆಂದು ವಿಧಿಸಿದರೆ ಸುಮಾರು 31,000 ಸಲಕ್ಕೊಮ್ಮೆ. ಅಂಕೆಯನ್ನು ಮೇಲಕ್ಕೇರಿಸಿದಷ್ಟೂ ಸುಳ್ಳುಕೂಗು ಕಡಿಮೆಯಾಗುವುದು. ಆದರೆ ನಿಜವಾದ ಕ್ಷೀಣ ವಸ್ತುವು ತಪ್ಪಿಸಿಕೊಳ್ಳುವ ಅವಕಾಶವು ಹೆಚ್ಚುವುದು. ಎಲ್ಲರನ್ನೂ ಸಂಶಯಿಸುವ ಕಾವಲುಗಾರನೂ ಯಾರನ್ನೂ ಸಂಶಯಿಸದ ಕಾವಲುಗಾರನೂ ಇಬ್ಬರೂ ನಿಷ್ಪ್ರಯೋಜಕರೇ. ಅವರಿಬ್ಬರ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ಯಂತ್ರವು ಹೇಳಲಾರದು, ಮನುಷ್ಯನು ಹೇಳಬೇಕು.

ಎರಡನೆಯ ಕಷ್ಟವು ಚಲನೆಯದು. ಬೆಂಕಿಯಿಂದ ಎರಡರಷ್ಟು ದೂರ ಹೋದರೆ ಕಿರಣದ ಬಲವು ನಾಲ್ಕರಲ್ಲೊಂದಾಗುವುದು. ಮೂರರಷ್ಟು ಹೋದರೆ ಒಂಬತ್ತರಲ್ಲೊಂದು. ಲಾರಿಯು ಎರಡು ಕಂಬಗಳ ನಡುವೆ ಇರುವಷ್ಟು ಹೊತ್ತು ಮಾತ್ರ ಯಂತ್ರಕ್ಕೆ ಅದು ಹತ್ತಿರ. ಆದುದರಿಂದ ಗಂಟೆಗೆ ಸುಮಾರು 8 ಕಿಲೋಮೀಟರಿನಂತೆ, ಎಂದರೆ ಚುರುಕಾಗಿ ನಡೆಯುವವನ ವೇಗಕ್ಕಿಂತ ತುಸು ಹೆಚ್ಚಾಗಿ, ಸಾಗಬೇಕೆಂದು ಕಟ್ಟಳೆ. ಆ ವೇಗದಲ್ಲಿಯೂ ಲಾರಿಯ ಒಂದೊಂದು ಭಾಗವು ಯಂತ್ರದ ಎದುರಿಗಿರುವುದು ಎರಡು ಸೆಕೆಂಡಿನಷ್ಟು ಮಾತ್ರ. ವೇಗವನ್ನು ಇಮ್ಮಡಿಸಿದರೆ ಆ ಹೊತ್ತು ಅರ್ಧವಾಗುವುದು. ಇದರ ಮೇಲೆ ಇನ್ನೊಂದು ಚಮತ್ಕಾರವುಂಟು. ತುಂಬಿದ ಲಾರಿಯು ಕಂಬಗಳ ನಡುವೆ ಬಂದಾಗ ಎಣಿಕೆಯು ಹೆಚ್ಚುವುದಿರಲಿ, ಮೊದಲಿದ್ದುದಕ್ಕಿಂತಲೂ ಕಡಿಮೆಯಾಗುವುದು. ನೆಲದಿಂದ ಸಹಜವಾಗಿ ಬರುವ ಕಿರಣಗಳಿಗೆ ಲಾರಿಯ ಕಬ್ಬಿಣವೇ ಮರೆಯಾಗುವುದು ಇದಕ್ಕೆ ಕಾರಣ. ಆ ತಗ್ಗಿನಲ್ಲಿ ದುರ್ಬಲವಾದ ಬೆಂಕಿಯೊಂದು ಅಡಗಿದರೆ ತಗ್ಗು ತುಂಬಿ ನೆಲ ಸಮವಾಗಿ ಕಾಣುವುದೇ ಹೊರತು ಗುಡ್ಡವು ಏಳದು. ಬಲ್ಲವರು ಇದನ್ನರಿತು, ಎಣಿಕೆಯ ಮೊತ್ತವನ್ನು ಮಾತ್ರವಲ್ಲದೆ, ಲಾರಿಯು ಸಾಗಿದಂತೆ ಅದು ಏರಿಳಿಯುವ ಬಗೆಯನ್ನೂ ಯಂತ್ರವು ನೋಡುವಂತೆ ಏರ್ಪಡಿಸಿದ್ದಾರೆ.

ಮೂರನೆಯ ಕಷ್ಟವೇ ಮನುಷ್ಯರಿಗೆ ಹೆಚ್ಚು ತಗಲುವಂಥದು. ಯಂತ್ರವು ಕೂಗಿದಾಗಲೆಲ್ಲ ಅಪಾಯವಿರುವುದಿಲ್ಲ. ಬಾಳೆಹಣ್ಣಿನಲ್ಲಿ ಪೊಟಾಸಿಯಂ ಉಂಟು; ಒಂದು ಹಣ್ಣಿನಿಂದ ಏನೂ ಆಗದಿದ್ದರೂ ಲಾರಿತುಂಬ ಹಣ್ಣು ಬಂದರೆ ಯಂತ್ರವು ಗುರುತಿಸೀತು. ಪೊಟಾಷ್ ಗೊಬ್ಬರ, ಹೆಂಚು, ಪಿಂಗಾಣಿ, ನುಣುಪು ಮಾಡಿದ ಗ್ರಾನೈಟ್ ಕಲ್ಲು ಇವುಗಳಿಗೂ ಯಂತ್ರವು ಕೂಗುವುದು ವಾಡಿಕೆ. ಇದೇ ತರ್ಕಶಾಸ್ತ್ರದ ಸವ್ಯಭಿಚಾರಹೇತು. ಗುರುತು ಇದೆ, ಆದರೆ ಅದು ಒಂದೇ ವಸ್ತುವಿನ ಮನೆಯಲ್ಲಿ ನಿಲ್ಲದೆ ಹತ್ತು ಮನೆ ತಿರುಗುವುದು. ಇನ್ನೂ ಒಂದುಂಟು. ಗಂಟಲಿನ ಗ್ರಂಥಿಯ ರೋಗಕ್ಕಾಗಿ ವಿಕಿರಣಶೀಲ ಅಯೊಡೀನನ್ನು ಸೇವಿಸಿದ ರೋಗಿಯು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆಯೂ ಕೆಲವು ವಾರಗಳವರೆಗೆ ಇಂಥ ಬಾಗಿಲನ್ನು ದಾಟಿದರೆ ಯಂತ್ರವು ಕೂಗುವುದು. ರೋಗದಿಂದ ಬಳಲಿದವಳೊಬ್ಬಳನ್ನು, ಅಥವಾ ಬಳಲಿದ ಮುದುಕನೊಬ್ಬನನ್ನು, ಕಾವಲಿನವರು ವಾಹನದಿಂದ ಇಳಿಸಿ ಪಕ್ಕಕ್ಕೆ ನಿಲ್ಲಿಸುವಾಗ ಅವರ ಧ್ವನಿಯು ಹೇಗಿರಬೇಕು? ಯಂತ್ರಕ್ಕೆ ಕಳ್ಳನೂ ರೋಗಿಯೂ ಒಂದೇ. ಇಬ್ಬರಲ್ಲಿಯೂ ಅದು ಕಾಣುವುದು ಕಿರಣವನ್ನು ಮಾತ್ರ. ಅವರನ್ನು ಬೇರೆ ಮಾಡಿ ನೋಡುವುದಕ್ಕಾಗಿಯೇ ಯಂತ್ರದ ಬಳಿ ಮನುಷ್ಯನನ್ನು ನಿಲ್ಲಿಸಿರುವುದು.

ಬೇರೆ ಮಾಡಿ ನೋಡುವುದಕ್ಕೆ ಉಪಾಯವೂ ಉಂಟು. ಕಿರಣಗಳಿಗೆ ಅವುಗಳದೇ ಆದ ಶಕ್ತಿಯ ಮಟ್ಟಗಳಿವೆ. ವೀಣೆಯ ಒಂದೊಂದು ತಂತಿಗೆ ಒಂದೊಂದು ಶ್ರುತಿಯಿದ್ದಂತೆ. ವಿಜ್ಞಾನಿಗಳ ಮಾನದಲ್ಲಿ ಸೀಸಿಯಂ-137ರದು 662. ಕೋಬಾಲ್ಟ್-60ರದು 1173 ಮತ್ತು 1332 ಎಂಬ ಜೋಡಿಶ್ರುತಿ. ಬಾಳೆಹಣ್ಣಿನ ಪೊಟಾಸಿಯಮ್ಮಿನದು 1461. ದೊಡ್ಡ ಕಂಬದ ಪ್ಲಾಸ್ಟಿಕ್ಕಿಗೆ ಗದ್ದಲವು ಕೇಳುವುದೇ ಹೊರತು ಶ್ರುತಿಯು ಸ್ಪಷ್ಟವಾಗಿ ತಿಳಿಯದು. ಆದುದರಿಂದ ಕೂಗಿಗೆ ಸಿಕ್ಕಿದ ವಾಹನವನ್ನು ಪಕ್ಕಕ್ಕೆ ನಿಲ್ಲಿಸಿ, ಶ್ರುತಿಯನ್ನು ಬಲ್ಲ ಹರಳುಗಳುಳ್ಳ ಕೈಯಂತ್ರವನ್ನು ಹಿಡಿದು ಸುತ್ತಲೂ ನಡೆದು ನೋಡುವರು. ಸೋಡಿಯಂ ಅಯೊಡೈಡಿನ ಹರಳು ಸಾಮಾನ್ಯ ಪರೀಕ್ಷಕ, ಜರ್ಮೇನಿಯಮ್ಮಿನದು ನಿಪುಣ. ಮೊದಲನೆಯ ಯಂತ್ರವು ‘ಏನೋ ಇದೆ’ ಎನ್ನುತ್ತದೆ. ಎರಡನೆಯದು ‘ಇಂಥದು ಇದೆ’ ಎನ್ನುತ್ತದೆ. ಇವೆರಡು ಮಾತುಗಳ ನಡುವಣ ಅಂತರವನ್ನು ಮರೆತು, ಮೊದಲನೆಯದನ್ನು ಕೇಳಿದೊಡನೆಯೇ ದಂಡವನ್ನೆತ್ತುವ ಅವಿವೇಕವು ಯಂತ್ರಗಳ ವಿಷಯದಲ್ಲಿ ಮಾತ್ರ ನಡೆಯುವುದೆಂದು ಹೇಳಲಾಗದು.

ಇಷ್ಟೆಲ್ಲ ಏರ್ಪಾಡಿದ್ದರೂ ಮರೆಮಾಡುವವನಿಗೆ ದಾರಿ ಇದ್ದೇ ಇದೆ. ಕೋಬಾಲ್ಟಿನ ಕಿರಣವು ಸುಮಾರು 12 ಮಿಲಿಮೀಟರ್ ದಪ್ಪದ ಸೀಸವನ್ನು ಹಾಯುವಷ್ಟರಲ್ಲಿ ಅರ್ಧವಾಗುವುದು; ಅಂಥ ಹತ್ತು ಪದರಗಳನ್ನು ಹಾಯುವಷ್ಟರಲ್ಲಿ ಸಾವಿರದಲ್ಲೊಂದು ಪಾಲಿಗಿಳಿಯುವುದು. ಸೀಸವೇ ಬೇಕೆಂದಿಲ್ಲ, ಲಾರಿಯ ಗುಜರಿಯೇ ಮರೆಯಾಗಬಹುದು. 1998ರ ಮೇ ತಿಂಗಳಲ್ಲಿ ಸ್ಪೇನಿನ ದಕ್ಷಿಣದ ಉಕ್ಕಿನ ಕಾರ್ಖಾನೆಯೊಂದರಲ್ಲಿ ಹಾಗೆಯೇ ಆಯಿತು. ಬಾಗಿಲಲ್ಲಿ ಯಂತ್ರವಿದ್ದರೂ ಲೋಹದ ರಾಶಿಯೊಳಗೆ ಅಡಗಿದ್ದ ಸೀಸಿಯಂ ಅದರ ಕಿವಿಗೆ ಬೀಳದೆ ಒಳಹೊಕ್ಕು ಕುಲುಮೆಯಲ್ಲಿ ಕರಗಿತು. ಹೊಗೆಯಿಲ್ಲದ ಬೆಂಕಿಯು ಆಗ ನಿಜವಾದ ಹೊಗೆಯನ್ನೇ ಏರಿ ಗಾಳಿಯಲ್ಲಿ ತೇಲಿ, ಫ್ರಾನ್ಸ್ ಇಟಲಿ ಮೊದಲಾದ ದೇಶಗಳಲ್ಲಿ ಗಾಳಿಯನ್ನು ಪರೀಕ್ಷಿಸುವವರಿಗೆ ಕಾಣಿಸಿಕೊಂಡಿತು. ಆ ಮರುವರುಷವೇ ಸ್ಪೇನಿನವರು ಕಾರ್ಖಾನೆಯವರೊಡನೆಯೂ ಕಾರ್ಮಿಕರೊಡನೆಯೂ ಕೂಡಿ ಇದಕ್ಕಾಗಿ ಒಂದು ಒಡಂಬಡಿಕೆಯನ್ನು ಮಾಡಿಕೊಂಡರು. ಮರೆಯ ಉಪಾಯಕ್ಕೆ ಪ್ರತ್ಯುಪಾಯಗಳೂ ಬಂದಿವೆ. ಕ್ಷ-ಕಿರಣದಿಂದ ಲಾರಿಯ ಚಿತ್ರ ತೆಗೆದರೆ ಸೀಸದ ಪೆಟ್ಟಿಗೆಯು ಕಪ್ಪಾಗಿ ಎದ್ದುಕಾಣುವುದು. ಬೆಂಕಿಯು ಕಾಣದಿದ್ದರೂ ಅದರ ಮುಸುಕು ಕಾಣುವುದು. ಪ್ಲುಟೋನಿಯಂ ಎಂಬ ಘೋರವಸ್ತುವು ಹೊರಡಿಸುವ ನ್ಯೂಟ್ರಾನ್ ಕಣಗಳಿಗೆ ಸೀಸವು ತಡೆಯೇ ಅಲ್ಲ. ಅವನ್ನು ಹಿಡಿಯುವ ಬೇರೆಯ ನಳಿಕೆಗಳೂ ಕಂಬದಲ್ಲಿರುವುವು.

ಈ ವಿಪತ್ತು ದೂರದೇಶಗಳದೆಂದು ಉದಾಸೀನ ಮಾಡುವಂತಿಲ್ಲ. 2008ರಲ್ಲಿ ಫ್ರಾನ್ಸ್ ದೇಶದ ಕಾರ್ಖಾನೆಯೊಂದರಲ್ಲಿ ಲಿಫ್ಟಿನ ಗುಂಡಿಗಳಿಗೆ ಉಪಯೋಗಿಸಿದ ಉಕ್ಕಿನಲ್ಲಿ ಕೋಬಾಲ್ಟ್-60 ಕಂಡುಬಂದಿತು. ಆ ಉಕ್ಕು ಹೋದುದು ಭಾರತದಿಂದ. ಎರಡು ವರುಷಗಳ ಮೇಲೆ ಇನ್ನೂ ದಾರುಣವಾದುದು ನಡೆಯಿತು. ದೆಹಲಿ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗದಲ್ಲಿದ್ದ, 1985ರಿಂದ ಯಾರೂ ಬಳಸದೆ ಬಿಟ್ಟಿದ್ದ ಕೋಬಾಲ್ಟ್ ಯಂತ್ರವೊಂದನ್ನು 2010ರ ಫೆಬ್ರವರಿಯಲ್ಲಿ ಹರಾಜು ಹಾಕಿದರು. ಅದು ಮಾಯಾಪುರಿಯ ಗುಜರಿಪೇಟೆಯನ್ನು ಸೇರಿತು. ಸೀಸಕ್ಕೆ ಬೆಲೆಯುಂಟೆಂದು ಕೆಲಸಗಾರರು ಅದನ್ನು ಬಿಚ್ಚಿದರು. ಯಾವುದು ಅವರನ್ನು ಕಾಯುತ್ತಿತ್ತೋ ಅದನ್ನೇ ಬೇರ್ಪಡಿಸಿದರು. ಹಲವರು ಆಸ್ಪತ್ರೆಯನ್ನು ಸೇರಿದರು. ಏಪ್ರಿಲ್ ತಿಂಗಳಲ್ಲಿ ಒಬ್ಬನು ತೀರಿಕೊಂಡನು. ಅಲ್ಲಿಯೂ ಕಳ್ಳನಾರೂ ಇರಲಿಲ್ಲ. ಹರಾಜು ಕೂಗಿದವನು, ಕೊಂಡವನು, ಹೊತ್ತವನು, ಬಿಚ್ಚಿದವನು, ಒಬ್ಬೊಬ್ಬನೂ ತನ್ನ ತನ್ನ ದಿನದ ಕೆಲಸವನ್ನೇ ಮಾಡಿದನು. ಇಪ್ಪತ್ತೈದು ವರುಷಗಳ ನಡುವೆ ಎಲ್ಲಿಯೋ ಒಂದು ಕಡೆ ನೆನಪಿನ ಕೊಂಡಿಯು ಕಳಚಿಕೊಂಡಿತ್ತು, ಅಷ್ಟೆ.

ಕೊಂಡಿಯು ಬೇಗನೆ ಸಿಕ್ಕಿದರೆ ಏನಾಗುವುದೆಂಬುದಕ್ಕೂ ನಿದರ್ಶನವುಂಟು. 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯದ ಗಣಿಯೊಂದರಿಂದ ಪರ್ತ್ ನಗರಕ್ಕೆ ಸಾಗಿಸುತ್ತಿದ್ದ ಲಾರಿಯಿಂದ ಸೀಸಿಯಂ ತುಂಬಿದ ಸಣ್ಣ ಕೋಶವೊಂದು ದಾರಿಯಲ್ಲಿ ಬಿದ್ದುಹೋಯಿತು. ಅದರ ಎತ್ತರ 8 ಮಿಲಿಮೀಟರ್, ಅಗಲ 6. ದಾರಿಯ ಉದ್ದವಾದರೋ 1,400 ಕಿಲೋಮೀಟರ್. ಜೋಳದ ಕಾಳೊಂದನ್ನು ಬೆಂಗಳೂರಿನಿಂದ ನಾಗಪುರದ ಆಚೆಗೂ ಹೋಗುವಷ್ಟು ದಾರಿಯಲ್ಲಿ ಕಳೆದುಕೊಂಡು ಹುಡುಕಿದಂತೆ! ಇಲ್ಲಿ ಎಲ್ಲವೂ ತಲೆಕೆಳಗಾಯಿತು. ಬೆಂಕಿಯು ನಿಂತಿತ್ತು, ಕಾವಲುಗಾರನೇ ಓಡಾಡಬೇಕಾಯಿತು. ಯಂತ್ರಗಳನ್ನು ವಾಹನಗಳಿಗೆ ಕಟ್ಟಿಕೊಂಡು ಹುಡುಕುತ್ತ ಹೋದರು. ಫೆಬ್ರವರಿ 1ರಂದು, ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದ ವಾಹನದ ಯಂತ್ರವು ಕೂಗಿತು. ರಸ್ತೆಯ ಅಂಚಿನಿಂದ ಸುಮಾರು ಎರಡು ಮೀಟರ್ ಆಚೆಗೆ ಕೋಶವು ಬಿದ್ದಿತ್ತು. ಯಂತ್ರದ ಸಾಮರ್ಥ್ಯವು ಹೊಗಳತಕ್ಕದ್ದೇ ಸರಿ. ಆದರೆ ಅದಕ್ಕಿಂತ ಮೊದಲು ಹೊಗಳತಕ್ಕದ್ದು, ಪೆಟ್ಟಿಗೆಯನ್ನು ಬಿಚ್ಚಿ ನೋಡಿ ‘ಇದರಲ್ಲಿ ಒಂದು ವಸ್ತುವು ಇರಬೇಕಾಗಿತ್ತು, ಇಲ್ಲ’ ಎಂದು ಹೇಳುವುದಕ್ಕೆ ಆಧಾರವಾಗಿದ್ದ ಲೆಕ್ಕದ ಪುಸ್ತಕ. ಹ್ವಾರೆಸಿನಲ್ಲಿ ಯಂತ್ರವು ಕೂಗಿದ ಮೇಲೆ ಕಳೆದುದೇನೆಂದು ಹುಡುಕಿದರು. ಇಲ್ಲಿ ಕಳೆದುದು ತಿಳಿದ ಮೇಲೆ ಯಂತ್ರವನ್ನು ಹೊರಡಿಸಿದರು. ಎರಡಕ್ಕೂ ಇರುವ ಅಂತರವು 814 ಮನೆಗಳಷ್ಟು.

ಹಿಂದಿನ ಧರ್ಮಶಾಸ್ತ್ರಕಾರರು ವ್ಯವಹಾರದ ವಿವಾದಗಳನ್ನು 18 ಪದಗಳಾಗಿ ವಿಂಗಡಿಸಿದ್ದಾರೆ. ಮನುಸ್ಮೃತಿಯ ಕ್ರಮದಲ್ಲಿ ಸಾಲವಾದ ಮೇಲೆ ಎರಡನೆಯದೇ ನಿಕ್ಷೇಪ. ಎಂದರೆ ನಂಬಿ ಇಟ್ಟ ವಸ್ತು. ಮೂರನೆಯದು ಒಡೆಯನಲ್ಲದವನು ಮಾಡುವ ಮಾರಾಟ. ಹ್ವಾರೆಸಿನ ಉಗ್ರಾಣವನ್ನೂ ದೆಹಲಿಯ ಹರಾಜನ್ನೂ ನೋಡಿದರೆ ಈ ಪದಗಳ ನೆನಪಾಗದಿರದು. ವಿಕಿರಣಶೀಲ ವಸ್ತುವನ್ನು ತರಿಸಿಕೊಂಡವನು ಅದರ ಒಡೆಯನಲ್ಲ, ನಿಕ್ಷೇಪಧಾರಿ. ಊರವರ ಕ್ಷೇಮವನ್ನೇ ಅವನ ಬಳಿ ಇಟ್ಟಿದ್ದಾರೆ. ಬೇಡವಾದಾಗ ಬಿಸಾಡುವ ಹಕ್ಕು ಅವನಿಗಿಲ್ಲ. ಈ ನಿಕ್ಷೇಪದ ಅವಧಿಯಾದರೂ ಎಷ್ಟು? ಕೋಬಾಲ್ಟ್-60ರ ಬಲವು 5 ವರುಷ 3 ತಿಂಗಳಿಗೊಮ್ಮೆ ಅರ್ಧವಾಗುವುದು. ಸಾವಿರದಲ್ಲೊಂದು ಪಾಲಿಗೆ ಇಳಿಯುವುದಕ್ಕೆ ಸುಮಾರು 53 ವರುಷ ಬೇಕು. ಸೀಸಿಯಮ್ಮಿಗೆ 300 ವರುಷ. ಒಬ್ಬ ಅಧಿಕಾರಿಯ ಸೇವಾವಧಿಯು ಮೂವತ್ತು ಮೂವತ್ತೈದು ವರುಷ. ತಂದವನು ನಿವೃತ್ತನಾಗಿ, ಅವನ ಶಿಷ್ಯನೂ ನಿವೃತ್ತನಾಗುವ ಕಾಲಕ್ಕೂ ಪೆಟ್ಟಿಗೆಯಲ್ಲಿ ಬೆಂಕಿ ಉಳಿದಿರುವುದು. ಆದಕಾರಣ ಇದನ್ನು ಕಾಯತಕ್ಕದ್ದು ಒಬ್ಬನ ನೆನಪಲ್ಲ. ಕೈಯಿಂದ ಕೈಗೆ ದಾಟುವ ಬರೆಹ. ವರುಷಕ್ಕೊಮ್ಮೆ ಬಾಗಿಲು ತೆರೆದು, ಎಣಿಸಿ, ‘ಇದೆ’ ಎಂದು ಬರೆದು ರುಜು ಹಾಕುವ ಗುಮಾಸ್ತನ ಕೆಲಸವು ನೀರಸವಾಗಿ ಕಾಣಬಹುದು. ಅವನು ಆ ಒಂದು ಸಾಲನ್ನು ಬರೆಯದೆ ಬಿಟ್ಟ ವರುಷವೇ ಬೆಂಕಿಯು ಲಾರಿಯನ್ನು ಹತ್ತುವುದಕ್ಕೆ ಅಣಿಯಾಗುವುದು.

ಹಾಗೆಂದು ಬಾಗಿಲ ಯಂತ್ರವು ಬೇಡವೆಂದಲ್ಲ. ಬೇಕು, ಇನ್ನೂ ಹೆಚ್ಚು ಬೇಕು. ಲೆಕ್ಕದ ಪುಸ್ತಕವು ತಪ್ಪಿದ ಕಡೆ ಅದೇ ಕೊನೆಯ ಕಾವಲು. ಆದರೆ ಕೊನೆಯ ಕಾವಲುಗಾರನನ್ನು ಮೊದಲನೆಯವನೆಂದು ಭ್ರಮಿಸಿ ಮನೆಯ ಯಜಮಾನನು ನಿದ್ರೆಹೋಗಬಾರದು. ಯಂತ್ರದ ಬಳಿ ನಿಂತವನಿಗೂ ಒಂದು ಮಾತು ತಿಳಿದಿರಬೇಕು. ನೂರು ಸಲ ಬಾಳೆಹಣ್ಣಿಗೂ ಕಲ್ಲಿಗೂ ಕೂಗಿದ ಯಂತ್ರವು ನೂರಒಂದನೆಯ ಸಲ ಕೂಗಿದಾಗ ಅದನ್ನು ಸುಮ್ಮನಿರಿಸಿ ಲಾರಿಯನ್ನು ಮುಂದಕ್ಕೆ ಬಿಡುವುದು ಮನುಷ್ಯಸಹಜ. ಅವನನ್ನು ಅಲ್ಲಿ ನಿಲ್ಲಿಸಿರುವುದು ಆ ಸಹಜವನ್ನು ಗೆಲ್ಲುವುದಕ್ಕಾಗಿಯೇ. ನಿಲ್ಲಿಸಿದ ಲಾರಿಯಿಂದ ಇಳಿದು ಬರುವವನು ಬಹುತೇಕ ಕಳ್ಳನಾಗಿರುವುದಿಲ್ಲ. ಕೂಲಿಗೆ ಬಂದ ಚಾಲಕನಾಗಿರುತ್ತಾನೆ. ಎಷ್ಟೋ ಗಂಟೆಗಳಿಂದ ಆ ಬೆಂಕಿಯನ್ನು ಬೆನ್ನಿಗೆ ಇಟ್ಟುಕೊಂಡು ಬಂದಿರುತ್ತಾನೆ. ‘ಏನು ಸಾಗಿಸುತ್ತಿದ್ದೀಯೆ?’ ಎಂದು ಗದರಿಸುವ ಮೊದಲು ಅವನನ್ನು ಲಾರಿಯಿಂದ ಹತ್ತು ಮಾರು ದೂರಕ್ಕೆ ಕರೆದು, ನೆರಳಿನಲ್ಲಿ ಕುಳ್ಳಿರಿಸಿ, ಕುಡಿಯುವುದಕ್ಕೆ ನೀರು ಕೊಡುವುದು ಒಳ್ಳೆಯದು.